ಚಳಿಗಾಲದ ಫ್ಯಾನು ಮತ್ತು ಡಾಕ್ಟರಮ್ಮನ ಮೂರು ಪ್ರಶ್ನೆ

ಪ್ರೀತಿಯ ಮಕ್ಕಳೇ, ಮಕ್ಕಳ ಕೈಯಿಂದ ಪತ್ರಿಕೆ ಕಸಿದು ಮೊದಲು ತಾವೇ ಓದುವ ಅಜ್ಜ ಅಜ್ಜಿಯರೇ,

ನಮ್ಮ ಹಾಸನದಲ್ಲಿ ಈಗ ಒಳ್ಳೆಯ ಚಳಿ. ಬೆಳಿಗ್ಗೆ ಎಂಟಾದರೂ ಮಂಜು ಕರಗುವುದಿಲ್ಲ. ಸಂತೆ ತುಂಬ ಸೊಗಡಿನ ಅವರೆಕಾಯಿ. ಇಂಥ ಚಳಿಯಲ್ಲಿ ನಮ್ಮ ಮನೆಯಲ್ಲಿ ಒಂದು ತಿಂಗಳಿಂದ ಜಗಳ ನಡೆಯುತ್ತಿದೆ. ಯಾವುದಕ್ಕೆ ಗೊತ್ತೆ? ಫ್ಯಾನಿಗೆ!

ರಾತ್ರಿ ಹನ್ನೊಂದಕ್ಕೆ ನನ್ನ ಮಗಳು ಧಡಕ್ಕನೆ ಎದ್ದು ಫ್ಯಾನ್ ಹಾಕುತ್ತಾಳೆ. ಹತ್ತು ನಿಮಿಷ ಕಳೆದರೆ ಅಳಿಯ ನಡುಗುತ್ತಾ ಎದ್ದು ಆರಿಸುತ್ತಾರೆ. ಎರಡು ಗಂಟೆಗೆ ಮತ್ತೆ ಫ್ಯಾನ್. ಆರನೆಯ ತರಗತಿಯ ನನ್ನ ಮೊಮ್ಮಗ ಎರಡು ರಗ್ಗು ಹೊದ್ದು ಮಲಗಿ, ಕೊನೆಗೆ ದಿಂಬು ಬಗಲಲ್ಲಿಟ್ಟುಕೊಂಡು ನನ್ನ ಕೋಣೆಗೆ ಬಂದುಬಿಟ್ಟ. ಬಂದವನು ಕತ್ತಲಲ್ಲಿ ಮೆಲ್ಲಗೆ ಕೇಳಿದ: "ಅಜ್ಜಿ, ಅಮ್ಮಂಗೆ ನನ್ನ ಮೇಲೆ ಕೋಪಾನಾ? ಮೊದಲು ಹೀಗಿರ್ಲಿಲ್ಲ. ಈಗ ಸುಮ್ ಸುಮ್ನೆ ರೇಗ್ತಾಳೆ. ಆಮೇಲೆ ಅಡುಗೆಮನೇಲಿ ಒಬ್ಬಳೇ ಅಳ್ತಾಳೆ. ನಾನೇನಾದ್ರೂ ತಪ್ಪು ಮಾಡಿದೀನಾ?"

ಹನ್ನೊಂದು ವರ್ಷದ ಹುಡುಗ ಅದನ್ನು ಎಷ್ಟು ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದನೋ! ನನಗೆ ಉತ್ತರ ಗೊತ್ತಿತ್ತು. ಆದರೂ "ಇಲ್ಲ ಕಂದ, ಆಫೀಸಿನ ಕೆಲಸ ಜಾಸ್ತಿ, ಮಲಗು" ಎಂದು ಜಾರಿಕೊಂಡೆ. ನನಗೀಗ 73. ಆದರೂ ಆ ಮಾತು ಬಾಯಿಗೆ ಬರಲಿಲ್ಲ.

ಮಾರನೆಯ ಶನಿವಾರ ಮಗಳು ಡಾಕ್ಟರಮ್ಮನ ಹತ್ತಿರ ಹೋಗಿಬಂದಳು. ನಾನು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಬಂದು ಪಕ್ಕದಲ್ಲಿ ಕುಳಿತಳು. "ಅಮ್ಮ, ಡಾಕ್ಟರ್ ಮೂರು ಪ್ರಶ್ನೆ ಕೇಳಿದ್ರು. ಒಂದಕ್ಕೂ ನನಗೆ ಸರಿಯಾಗಿ ಉತ್ತರ ಹೇಳೋಕೆ ಆಗಲಿಲ್ಲ" ಅಂದಳು.

ಮೊದಲನೆಯದು: ನಿಮ್ಮ ತಾಯಿಗೆ ಎಷ್ಟು ವಯಸ್ಸಿಗೆ ಮುಟ್ಟು ನಿಂತಿತು? ಎರಡನೆಯದು: ಮನೆಯಲ್ಲಿ ಯಾರಾದರೂ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಾರಾ? ಮೂರನೆಯದು: ಹತ್ತಿರದ ಸಂಬಂಧದಲ್ಲಿ ಯಾರಿಗಾದರೂ ಗರ್ಭಕೋಶದ ಅಥವಾ ಸ್ತನದ ಕ್ಯಾನ್ಸರ್ ಆಗಿತ್ತಾ?

ಮೂರಕ್ಕೂ ಉತ್ತರ ನನ್ನ ಹತ್ತಿರ ಇತ್ತು. ಅವಳ ಜೊತೆ ಒಂದೇ ಸೂರಿನ ಕೆಳಗೆ ಇದ್ದೇನೆ. ಅವಳಿಗೆ 48 ವರ್ಷ. ಇಷ್ಟು ವರ್ಷದಲ್ಲಿ ಇದರಲ್ಲಿ ಒಂದನ್ನೂ ನಾನು ಬಾಯಿಬಿಟ್ಟು ಹೇಳಿರಲಿಲ್ಲ.

ಯಾಕೆ ಹೇಳಲಿಲ್ಲ? ಅದಕ್ಕೊಂದು ಕಾಗೆಯ ಕಥೆಯಿದೆ, ಕೇಳಿ. ನಾನು ಚಿಕ್ಕವಳಿದ್ದಾಗ ಅಮ್ಮ ತಿಂಗಳಿಗೆ ಮೂರು ದಿನ ಹಿತ್ತಿಲ ಕೋಣೆಯಲ್ಲಿ ಕೂರುತ್ತಿದ್ದರು. ಹತ್ತಿರ ಹೋದರೆ "ಮುಟ್ಟಬೇಡ, ಕಾಗೆ ಮುಟ್ಟಿದೆ" ಎನ್ನುತ್ತಿದ್ದರು. ನಾನು ಆ ಕಾಗೆಯನ್ನು ಹೊಂಚುಹಾಕಿ ಕಾದಿದ್ದೇನೆ, ಕಲ್ಲೂ ಹೊಡೆದಿದ್ದೇನೆ. ಒಂದು ವರ್ಷ ಅಮ್ಮ ಹಿತ್ತಿಲಿಗೆ ಹೋಗುವುದೇ ನಿಂತಿತು. "ಕಾಗೆ ಎಲ್ಲಿ ಹೋಯ್ತಮ್ಮ?" ಎಂದು ಕೇಳಿದರೆ ತಲೆಗೊಂದು ಮೊಟಕಿದರು. ಅಲ್ಲಿಗೆ ಆ ವಿಷಯ ಮುಗಿಯಿತು.

ಮುಂದೆ ನಾನೇ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆದೆ. ಮೂವತ್ತು ವರ್ಷ ಪಾಠ ಮಾಡಿದೆ. ಸಂತಾನೋತ್ಪತ್ತಿಯ ಅಧ್ಯಾಯ ಬಂದಾಗಲೆಲ್ಲ "ಇದನ್ನು ಮನೆಯಲ್ಲಿ ಓದಿಕೊಳ್ಳಿ" ಎಂದು ಪುಟ ತಿರುಗಿಸಿದೆ. ಮನೆಯಲ್ಲಿ ಓದಿಸುವವರು ಯಾರಿದ್ದರು? ಅಲ್ಲಿಯೂ ಕಾಗೆಯೇ!

ಆ ಶನಿವಾರ ರಾತ್ರಿ ಊಟವಾದ ಮೇಲೆ ಯಾರೂ ಏಳಬೇಡಿ ಎಂದೆ. ಅಳಿಯ, ಮಗಳು, ಒಂಬತ್ತನೆಯ ತರಗತಿಯ ಮೊಮ್ಮಗಳು, ಆರನೆಯ ತರಗತಿಯ ಮೊಮ್ಮಗ ಎಲ್ಲರೂ ಕುಳಿತರು. ಅಳಿಯ ಮೊಬೈಲ್ ಹಿಡಿದು ಮೆಲ್ಲಗೆ ಏಳಲು ನೋಡಿದರು. "ನೀವೂ ಕೂತ್ಕೊಳ್ಳಿ, ಫ್ಯಾನ್ ಆರಿಸೋರು ನೀವೇ ತಾನೆ?" ಎಂದೆ. ಕುಳಿತರು. ಮೂವತ್ತು ವರ್ಷ ಬಿಟ್ಟ ಪಾಠವನ್ನು ಅಂದು ಮಾಡಿದೆ. ಅದನ್ನೇ ನಿಮಗೂ ಹೇಳುತ್ತೇನೆ.

ಹೆಣ್ಣುಮಗುವಿನ ಹೊಟ್ಟೆಯೊಳಗೆ ಗರ್ಭಕೋಶದ ಆಚೀಚೆ ಎರಡು ಅಂಡಾಶಯಗಳಿರುತ್ತವೆ. ಅವುಗಳಲ್ಲಿ ಅಂಡಗಳ ಭಂಡಾರ. ಹುಟ್ಟುವಾಗಲೇ 10ರಿಂದ 20 ಲಕ್ಷ ಇರುತ್ತವೆ. ದೊಡ್ಡವಳಾಗುವ ಹೊತ್ತಿಗೆ ಮೂರು ನಾಲ್ಕು ಲಕ್ಷಕ್ಕೆ ಇಳಿದಿರುತ್ತವೆ. ಇನ್ನೊಂದು ಸೋಜಿಗ ಕೇಳಿ. ಅಂಡಗಳು ರೂಪುಗೊಳ್ಳುವುದು ಮಗು ತಾಯಿಯ ಹೊಟ್ಟೆಯಲ್ಲಿರುವಾಗಲೇ. ಅಂದರೆ ನನ್ನ ಮಗಳು ನನ್ನ ಹೊಟ್ಟೆಯಲ್ಲಿದ್ದಾಗ, ಮುಂದೆ ನನ್ನ ಮೊಮ್ಮಕ್ಕಳಾಗಲಿದ್ದ ಅಂಡಗಳೂ ಅವಳೊಳಗೆ, ಅವಳ ಮೂಲಕ ನನ್ನೊಳಗೆ ಇದ್ದವು! ಇದನ್ನು ಕೇಳಿ ಮೊಮ್ಮಗ "ಹಂಗಾದ್ರೆ ನಾನು ಅಮ್ಮನಷ್ಟೇ ಹಳಬ" ಎಂದು ಕಾಲರ್ ಎತ್ತಿಕೊಂಡ.

ಮಿದುಳಿನ ಬುಡದಲ್ಲಿ ಬಟಾಣಿಕಾಳಿನಷ್ಟು ಗಾತ್ರದ ಪಿಟ್ಯುಟರಿ ಎಂಬ ಗ್ರಂಥಿಯಿದೆ. ಅದು ತಿಂಗಳು ತಿಂಗಳು ಅಂಡಾಶಯವನ್ನು ಕೂಗಿ ಕರೆಯುತ್ತದೆ. ಟೀಚರ್ ಹಾಜರಿ ಕರೆದ ಹಾಗೆ ಅಂದುಕೊಳ್ಳಿ. ಅಂಡಾಶಯ ಈಸ್ಟ್ರೋಜನ್ ಎಂಬ ಹಾರ್ಮೋನು ಕಳಿಸಿ "ಹಾಜರ್" ಎನ್ನುತ್ತದೆ. ಒಂದು ಅಂಡ ಹೊರಬರುತ್ತದೆ. ಮಗು ಬಂದರೆ ಇರಲಿ ಎಂದು ಗರ್ಭಕೋಶ ಒಳಗೊಂದು ಮೆತ್ತನೆಯ ಹಾಸಿಗೆ ಹಾಸಿಕೊಳ್ಳುತ್ತದೆ. ಮಗು ಬರದಿದ್ದರೆ ಆ ಹಾಸಿಗೆ ಕಳಚಿ ರಕ್ತದೊಂದಿಗೆ ಹೊರಹೋಗುತ್ತದೆ. ಇದೇ ಮುಟ್ಟು. ಇದರಲ್ಲಿ ಕಾಗೆಯೂ ಇಲ್ಲ, ಮೈಲಿಗೆಯೂ ಇಲ್ಲ.

ನಲವತ್ತು ದಾಟಿದ ಮೇಲೆ ಭಂಡಾರ ಬರಿದಾಗುತ್ತಾ ಬರುತ್ತದೆ. ಹಾಜರಿ ಕರೆದರೆ ಕೆಲವು ತಿಂಗಳು ಉತ್ತರ ಬರುತ್ತದೆ, ಕೆಲವು ತಿಂಗಳು ಇಲ್ಲ. ಪಿಟ್ಯುಟರಿ ಇನ್ನೂ ಜೋರಾಗಿ ಕೂಗುತ್ತದೆ. ಈಸ್ಟ್ರೋಜನ್ ಒಂದು ದಿನ ಏರಿ ಒಂದು ದಿನ ಇಳಿಯುತ್ತದೆ. ಮುಟ್ಟು ಹಿಂದುಮುಂದಾಗುತ್ತದೆ. ಈ ಏರುಪೇರು ಕೆಲವು ವರ್ಷ ನಡೆಯಬಹುದು. ಕೊನೆಗೆ ಪೂರ್ತಿ 12 ತಿಂಗಳು ಮುಟ್ಟು ಬಾರದೆ ಹೋದರೆ ಅದನ್ನು ಋತುಬಂಧ ಎನ್ನುತ್ತಾರೆ. ನಮ್ಮ ದೇಶದಲ್ಲಿ ಇದು ಸರಾಸರಿ 46-47ನೆಯ ವಯಸ್ಸಿಗೆ ಆಗುತ್ತದೆ. ಯೂರೋಪು ಅಮೆರಿಕಗಳಲ್ಲಿ 51ರ ಸುಮಾರಿಗೆ. 40ಕ್ಕಿಂತ ಮೊದಲೇ ನಿಂತರೆ ಅದು ತೀರಾ ಬೇಗ. ಅಂಥವರು ಡಾಕ್ಟರನ್ನು ಕಾಣಲೇಬೇಕು.

"ಈಗ ಮೊದಲನೇ ಪ್ರಶ್ನೆಗೆ ಉತ್ತರ ಬರ್ಕೋ" ಎಂದೆ ಮಗಳಿಗೆ. "ನನಗೆ ನಿಂತದ್ದು 47ಕ್ಕೆ." ತಾಯಿಗೆ ಯಾವ ವಯಸ್ಸಿಗೆ ನಿಂತಿತೋ ಮಗಳಿಗೂ ಹೆಚ್ಚು ಕಡಿಮೆ ಅದರ ಆಸುಪಾಸಿನಲ್ಲೇ ನಿಲ್ಲುವುದುಂಟು. ಅದಕ್ಕೇ ಡಾಕ್ಟರಮ್ಮ ಕೇಳಿದ್ದು. ನಾನು ಎರಡು ವರ್ಷ ಮೊದಲೇ ಹೇಳಿದ್ದರೆ, ತನಗೇನೋ ದೊಡ್ಡ ಕಾಯಿಲೆ ಎಂದು ಅವಳು ಒಬ್ಬಳೇ ಹೆದರಿ ಅಳುವುದು ತಪ್ಪುತ್ತಿತ್ತು.

"ಮತ್ತೆ ಫ್ಯಾನು?" ಎಂದ ಮೊಮ್ಮಗ.

ಫ್ಯಾನಿಗೇ ಬಂದೆ. ಮಿದುಳಿನಲ್ಲಿ ಮೈಯ ಶಾಖ ಕಾಯುವ ಒಂದು ಜಾಗವಿದೆ. ಅದರ ಹೆಸರು ಹೈಪೋಥಲಾಮಸ್. ಒಳ್ಳೆಯ ಕಾವಲುನಾಯಿಯ ಹಾಗೆ ಅದು. ಸಣ್ಣಪುಟ್ಟ ಸದ್ದಿಗೆ ಬೊಗಳುವುದಿಲ್ಲ, ಕಳ್ಳ ಬಂದರೆ ಮಾತ್ರ ಬೊಗಳುತ್ತದೆ. ಈಸ್ಟ್ರೋಜನ್ ಇಳಿದಾಗ ಆ ನಾಯಿಗೆ ಪುಕ್ಕಲು ಹಿಡಿಯುತ್ತದೆ. ಎಲೆ ಅಲ್ಲಾಡಿದರೂ ಬೊಗಳುತ್ತದೆ! ಮೈಯ ಶಾಖ ಒಂದು ಚೂರು ಏರಿದರೂ "ಬೆಂಕಿ, ಬೆಂಕಿ" ಎಂದು ಕೂಗಿ, ರಕ್ತವನ್ನೆಲ್ಲ ಚರ್ಮದ ಕಡೆಗೆ ಓಡಿಸಿ, ಬೆವರು ಹರಿಸಿಬಿಡುತ್ತದೆ. ಎದೆ, ಕತ್ತು, ಮುಖ ಕೆಂಡವಾಗುತ್ತವೆ. ಒಂದರಿಂದ ಐದು ನಿಮಿಷ ಇರಬಹುದು. ಆಮೇಲೆ ಬೆವರು ಆರಿ ಚಳಿಯಾಗುತ್ತದೆ. ಇದು ಎಲ್ಲರಿಗೂ ಬರುವುದಿಲ್ಲ. ಬಂದವರಿಗೂ ಒಂದೇ ಅಳತೆಯಲ್ಲ. ಕೆಲವರಿಗೆ ಕೆಲವು ತಿಂಗಳು, ಕೆಲವರಿಗೆ ಏಳೆಂಟು ವರ್ಷ.

ರಾತ್ರಿ ಮೂರು ಸಲ ಬೆವರಿನಲ್ಲಿ ತೊಯ್ದು ಎದ್ದವಳು ಬೆಳಿಗ್ಗೆ ಐದೂವರೆಗೆ ಎದ್ದು ಡಬ್ಬಿ ಕಟ್ಟಬೇಕು. ಆಮೇಲೆ ಬ್ಯಾಂಕಿನಲ್ಲಿ ದಿನವಿಡೀ ಲೆಕ್ಕ ನೋಡಬೇಕು. ನಿದ್ದೆಗೆಟ್ಟರೆ ಯಾರಿಗೆ ತಾನೆ ರೇಗುವುದಿಲ್ಲ? ಹಾರ್ಮೋನಿನ ಏರಿಳಿತ ಮನಸ್ಸನ್ನೂ ಅಲುಗಿಸುತ್ತದೆ. ಮರೆವು, ಕಾರಣವಿಲ್ಲದ ಅಳು, ಎದೆ ಡವಡವ, ಕೀಲುನೋವು ಎಲ್ಲ ಬರಬಹುದು.

"ಹಂಗಾದ್ರೆ ಅಮ್ಮಂಗೆ ನನ್ನ ಮೇಲೆ ಕೋಪ ಅಲ್ವಾ?" ಎಂದ ಹುಡುಗ. ಮಗಳು ಅವನನ್ನು ಎಳೆದು ತಬ್ಬಿಕೊಂಡಳು. ಅವನು ಹೀಗಂದುಕೊಂಡಿದ್ದಾನೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು, "ಹೋಮ್‌ವರ್ಕ್ ಮಾಡದೇ ಇದ್ದಾಗ ಬೈಯೋದು ಮಾತ್ರ ನಿನ್ನ ಮೇಲಿನ ಕೋಪವೇ ಕಣೋ" ಅಂದಳು.

ಮೊಮ್ಮಗಳು ಕೇಳಿದಳು: "ಅಜ್ಜಿ, ಪ್ರಾಣಿಗಳಿಗೂ ಹೀಗೆ ಆಗತ್ತಾ?" ಇದು ಒಳ್ಳೆಯ ಪ್ರಶ್ನೆ. ಹಸು, ಎಮ್ಮೆ, ನಾಯಿ, ಆನೆ ಯಾವುದರಲ್ಲೂ ಹೀಗೆ ಅರ್ಧ ಆಯಸ್ಸಿಗೆ ಸಂತಾನಶಕ್ತಿ ನಿಲ್ಲುವುದಿಲ್ಲ. ಮನುಷ್ಯರನ್ನು ಬಿಟ್ಟರೆ ಕೆಲವೇ ಜಾತಿಯ ತಿಮಿಂಗಿಲಗಳಲ್ಲಿ ಇದು ಕಂಡಿದೆ. ಉಗಾಂಡಾದ ಒಂದು ಕಾಡಿನ ಚಿಂಪಾಂಜಿಗಳಲ್ಲೂ ಕಂಡಿದೆ. ಕಪ್ಪು ಬಿಳುಪಿನ ಓರ್ಕಾ ತಿಮಿಂಗಿಲಗಳನ್ನು ನೀವು ಟಿವಿಯಲ್ಲಿ ನೋಡಿರಬಹುದು. ಹೆಣ್ಣು ಓರ್ಕಾ 40ರ ಸುಮಾರಿಗೆ ಮರಿ ಹಾಕುವುದನ್ನು ನಿಲ್ಲಿಸುತ್ತದೆ. ಆದರೆ 80 ದಾಟಿಯೂ ಬದುಕಬಲ್ಲದು. ಅಷ್ಟು ವರ್ಷ ಏನು ಮಾಡುತ್ತದೆ? ಅಜ್ಜಿಯ ಕೆಲಸ! ಅಮೆರಿಕ ಮತ್ತು ಕೆನಡಾದ ಪಶ್ಚಿಮ ಕರಾವಳಿಯಲ್ಲಿ ವಿಜ್ಞಾನಿಗಳು ದಶಕಗಳ ಕಾಲ ಇವನ್ನು ಗಮನಿಸಿದ್ದಾರೆ. ಸಾಲ್ಮನ್ ಮೀನು ಕಡಿಮೆಯಾದ ವರ್ಷಗಳಲ್ಲಿ ಗುಂಪಿನ ಮುಂದೆ ಈಜಿ ದಾರಿ ತೋರಿಸುವುದು ಅಜ್ಜಿಯರೇ. ಅಜ್ಜಿ ಸತ್ತುಹೋದರೆ ಮೊಮ್ಮರಿಗಳು ಬದುಕಿ ಉಳಿಯುವುದು ಕಷ್ಟವಾಗುತ್ತದೆ ಎಂದು 2019ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಬೆಳೆದು ದೊಡ್ಡವನಾದ ಮಗನಿಗೂ ತಾಯಿ ಓರ್ಕಾ ತಾನು ಹಿಡಿದ ಮೀನಿನಲ್ಲಿ ಪಾಲು ಕೊಡುತ್ತದಂತೆ. "ಇದು ನಮ್ಮ ಕಡೆಯ ತಿಮಿಂಗಿಲವೇ ಇರಬೇಕು" ಎಂದರು ಅಳಿಯ.

ತಾಂಜಾನಿಯಾದ ಹಾಡ್ಜಾ ಎಂಬ ಬುಡಕಟ್ಟಿನಲ್ಲಿ ವಯಸ್ಸಾದ ಹೆಂಗಸರು ಗಟ್ಟಿ ನೆಲ ಅಗೆದು ಗೆಡ್ಡೆ ತಂದು ಮೊಮ್ಮಕ್ಕಳ ಹೊಟ್ಟೆ ತುಂಬಿಸುವುದನ್ನು ಕ್ರಿಸ್ಟನ್ ಹಾಕ್ಸ್ ಎಂಬ ಮಾನವಶಾಸ್ತ್ರಜ್ಞೆ ನೋಡಿದರು. ಮನುಷ್ಯರ ಆಯಸ್ಸು ಉದ್ದವಾಗಿರುವುದಕ್ಕೆ ಅಜ್ಜಿಯರೇ ಕಾರಣವಿರಬೇಕು ಎಂಬ ವಾದವನ್ನು ಅವರೂ ಸಂಗಡಿಗರೂ ಮುಂದಿಟ್ಟರು. ಎಲ್ಲರೂ ಅದನ್ನು ಒಪ್ಪಿಲ್ಲ, ಚರ್ಚೆ ನಡೆಯುತ್ತಲೇ ಇದೆ. ನನ್ನ ಮಟ್ಟಿಗೆ ಒಂದು ಮಾತು ಸಾಕು. ಮುಟ್ಟು ನಿಂತರೆ ಹೆಂಗಸಿನ ಕೆಲಸ ಮುಗಿಯಿತು ಎನ್ನುವವರಿಗೆ ಆ ಕಡಲಿನ ಅಜ್ಜಿಯನ್ನು ತೋರಿಸಿ.

ಇನ್ನು ಎರಡನೆಯ ಪ್ರಶ್ನೆ. ನನ್ನ ಅಮ್ಮ 66ನೆಯ ವಯಸ್ಸಿನಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಮತ್ತೆ ನೆಟ್ಟಗೆ ನಡೆಯಲೇ ಇಲ್ಲ. ಮಗಳಿಗೆ ಅದು ನೆನಪಿದೆ. ಆದರೆ ತಪ್ಪೆಲ್ಲ ಬಚ್ಚಲಿನ ಪಾಚಿಯದೆಂದು ನಾವು ಹೇಳಿದ್ದೆವು. ಈಗ ಗೊತ್ತಾಗಿದೆ, ನಿಂತ ಎತ್ತರದಿಂದ ಬಿದ್ದಷ್ಟಕ್ಕೇ ಸೊಂಟ ಮುರಿದರೆ ಮೂಳೆ ಮೊದಲೇ ಟೊಳ್ಳಾಗಿತ್ತು ಎಂದರ್ಥ.

ನಮ್ಮ ಮೂಳೆ ಹಳೆಯ ಹೆಂಚಿನ ಮನೆಯಿದ್ದ ಹಾಗೆ. ದಿನಾ ರಿಪೇರಿ ನಡೆಯುತ್ತಲೇ ಇರುತ್ತದೆ. ಒಂದು ಗುಂಪು ಹಳೆಯದನ್ನು ಕೆಡವುತ್ತದೆ, ಇನ್ನೊಂದು ಗುಂಪು ಹೊಸದನ್ನು ಕಟ್ಟುತ್ತದೆ. ಕೆಡವುವವರನ್ನು ಹದ್ದಿನಲ್ಲಿಡುವ ಮೇಸ್ತ್ರಿ ಈಸ್ಟ್ರೋಜನ್. ಮೇಸ್ತ್ರಿ ಹೋದರೆ ಕೆಡವುವ ಕೆಲಸವೇ ಜೋರು. ಅದಕ್ಕೇ ಮುಟ್ಟು ನಿಂತ ಮೊದಲ ಕೆಲವು ವರ್ಷ ಮೂಳೆ ವೇಗವಾಗಿ ಸವೆಯುತ್ತದೆ.

ಇದಕ್ಕೆ ಮದ್ದು ಬಹುಪಾಲು ಅಡುಗೆಮನೆಯಲ್ಲೇ ಇದೆ. ಮುಟ್ಟು ನಿಂತ ಹೆಂಗಸರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಎನ್ನುತ್ತಾರೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಇದೆ. ಒಂದು ಲೋಟ ಹಾಲಿನಲ್ಲಿ ಇನ್ನೂರರ ಮೇಲೆ. ಮೊಸರು, ನುಗ್ಗೆಸೊಪ್ಪು, ದಂಟಿನ ಸೊಪ್ಪು, ಮುಳ್ಳುಸಹಿತ ತಿನ್ನುವ ಸಣ್ಣ ಮೀನು ಎಲ್ಲವೂ ಒಳ್ಳೆಯವೇ. ಸಂಕ್ರಾಂತಿ ಬರುತ್ತಿದೆಯಲ್ಲ, ಎಳ್ಳೂ ಒಳ್ಳೆಯದು. ಆದರೆ ಸಿಪ್ಪೆ ಸಹಿತದ ಎಳ್ಳು. ಸಿಪ್ಪೆ ತೆಗೆದ ಬಿಳಿ ಎಳ್ಳಿನಲ್ಲಿ ಕ್ಯಾಲ್ಸಿಯಂ ಬಹುಪಾಲು ಹೋಗಿರುತ್ತದೆ. ಜೊತೆಗೆ ಕಾಳು, ಬೇಳೆ, ಮೊಟ್ಟೆ ಇರಲಿ. ಮಾಂಸಖಂಡಕ್ಕೆ ಅವು ಬೇಕು. ಕ್ಯಾಲ್ಸಿಯಂ ಮೈಗೆ ಹಿಡಿಯಲು ವಿಟಮಿನ್ ಡಿ ಬೇಕು. ಅದಕ್ಕೆ ಬಿಸಿಲು ಬೇಕು. ಮಾತ್ರೆಗಳನ್ನು ಮಾತ್ರ ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ.

ತಿಂದರಷ್ಟೇ ಸಾಲದು, ಮೂಳೆಗೆ ಭಾರ ಬೀಳಬೇಕು. ಬಿರುಸು ನಡಿಗೆ, ಮೆಟ್ಟಿಲು ಹತ್ತುವುದು, ನೀರು ತುಂಬಿದ ಎರಡು ಬಾಟಲಿ ಹಿಡಿದು ಕೈ ಎತ್ತಿ ಇಳಿಸುವುದು, ಎಲ್ಲವೂ ಆಗುತ್ತದೆ. ನಡಿಗೆ ಹೃದಯಕ್ಕೂ ಬೇಕು. ಮುಟ್ಟು ನಿಂತ ಮೇಲೆ ಹೃದಯದ ಕಾಯಿಲೆಯ ಅಪಾಯ ಹೆಚ್ಚುತ್ತದೆ. ಬಿಪಿ, ಸಕ್ಕರೆ, ಕೊಲೆಸ್ಟರಾಲ್ ವರ್ಷಕ್ಕೊಮ್ಮೆಯಾದರೂ ನೋಡಿಸಿ. 30 ದಾಟಿದವರಿಗೆ ಬಿಪಿ ಮತ್ತು ಸಕ್ಕರೆಯ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲೇ ಇದೆ. ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರಿನ ತಪಾಸಣೆಯೂ ಇದೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

ಮಕ್ಕಳೇ, ಮೂಳೆಯ ಮಾತು ಅಜ್ಜಿಯರಿಗೆ ಮಾತ್ರ ಎಂದುಕೊಳ್ಳಬೇಡಿ. ಮೂಳೆಯ ಠೇವಣಿಯ ಬಹುಪಾಲು ಕಟ್ಟುವುದು 20 ವರ್ಷದೊಳಗೆ. ಮುಂದೆ ಬದುಕೆಲ್ಲ ಅದನ್ನೇ ಖರ್ಚು ಮಾಡುವುದು. ಈಗ ಮುದ್ದೆ ನುಂಗಿ, ಮೈದಾನದಲ್ಲಿ ಕುಣಿದರೆ ಅಷ್ಟೂ ಜಮೆ!

ಮೂರನೆಯ ಪ್ರಶ್ನೆಗೆ ಬಂದಾಗ ನನ್ನ ಗಂಟಲು ಕಟ್ಟಿತು. ಆದರೂ ಹೇಳಿದೆ.

ನನಗೊಬ್ಬಳು ಅಕ್ಕ ಇದ್ದಳು. ನನಗಿಂತ ಆರು ವರ್ಷ ದೊಡ್ಡವಳು. ಅವಳಿಗೆ 50ಕ್ಕೆ ಮುಟ್ಟು ನಿಂತಿತ್ತು. ಒಂಬತ್ತು ವರ್ಷವಾದ ಮೇಲೆ ಒಂದು ಮದುವೆಮನೆಯಲ್ಲಿ ಹೂ ಕಟ್ಟುತ್ತಾ ಕುಳಿತಿದ್ದಾಗ, ನನ್ನ ಕಿವಿಯ ಹತ್ತಿರ ಬಂದು, "ಮತ್ತೆ ಶುರುವಾಗಿದೆ ಕಣೇ, ಸ್ವಲ್ಪ ಸ್ವಲ್ಪ" ಎಂದಳು. ನಾನು ವಿಜ್ಞಾನದ ಟೀಚರ್. ನಾನೇನು ಹೇಳಿದೆ ಗೊತ್ತೆ? "ಅಯ್ಯೋ, ನಿನಗೆ ವಯಸ್ಸು ಹಿಂದಕ್ಕೆ ಓಡ್ತಿದೆ ಬಿಡು" ಎಂದು ನಕ್ಕೆ. ಅಕ್ಕನೂ ನಕ್ಕಳು. ಮತ್ತೆ ಆ ಮಾತು ಎತ್ತಲಿಲ್ಲ. ಹತ್ತು ತಿಂಗಳಾದ ಮೇಲೆ ನೋವು ತಡೆಯಲಾರದೆ ಆಸ್ಪತ್ರೆಗೆ ಹೋದಾಗ ಗರ್ಭಕೋಶದ ಕ್ಯಾನ್ಸರ್ ಹೊರಗೂ ಹರಡಿತ್ತು. 61ಕ್ಕೆ ಹೋಗಿಬಿಟ್ಟಳು. ಬಂಧುಗಳಿಗೆಲ್ಲ "ಹೊಟ್ಟೆಯಲ್ಲಿ ಗೆಡ್ಡೆ" ಎಂದೆವು. ನನ್ನ ಮಗಳಿಗೂ ಅಷ್ಟೇ ಗೊತ್ತಿತ್ತು.

ಆದ್ದರಿಂದ ಈ ಒಂದು ಸಾಲನ್ನು ಎರಡು ಸಲ ಓದಿ. ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಡಾಕ್ಟರಿಗೆ ತೋರಿಸಲೇಬೇಕು. ನೋವಿಲ್ಲದಿದ್ದರೂ ತೋರಿಸಬೇಕು, ಒಂದೇ ಸಲ ಬಂದು ನಿಂತಿದ್ದರೂ ತೋರಿಸಬೇಕು. ಹೆದರಬೇಡಿ, ಹೀಗೆ ಬಂದ ಹೆಚ್ಚಿನವರಿಗೆ ಕಾರಣ ಸಣ್ಣದೇ ಇರುತ್ತದೆ. ಆದರೆ ಹತ್ತರಲ್ಲಿ ಒಬ್ಬರಿಗೆ ಹತ್ತಿರ ಹತ್ತಿರ ಅದು ಕ್ಯಾನ್ಸರ್ ಆಗಿರುತ್ತದೆ. ಬೇಗ ಕಂಡುಹಿಡಿದರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಬಹಳ ಸಲ ಪೂರ್ತಿ ವಾಸಿಯಾಗುತ್ತದೆ. ಅಕ್ಕ ಆ ದಿನ ಮಾತಾಡಿದ್ದಳು. ಕೇಳಿಸಿಕೊಳ್ಳದವಳು ನಾನು.

ಡಾಕ್ಟರಮ್ಮ ಮಗಳಿಗೆ ಹೇಳಿದ ಇನ್ನು ಕೆಲವು ಮಾತುಗಳನ್ನೂ ಹೇಳಿಬಿಡುತ್ತೇನೆ. ರಾತ್ರಿ ಕಾಫಿ, ಖಾರದ ಊಟ ಕಡಿಮೆ ಮಾಡಿದರೆ ಕೆಲವರಿಗೆ ಮೈಬಿಸಿ ತಗ್ಗುತ್ತದೆ. ಹತ್ತಿಬಟ್ಟೆ ಒಳ್ಳೆಯದು. ಮಂಚದ ಪಕ್ಕ ನೀರಿರಲಿ. ಬೀಡಿ, ಸಿಗರೇಟು, ಹೊಗೆಸೊಪ್ಪು ಬೇಡವೇ ಬೇಡ. ಧೂಮಪಾನ ಮಾಡುವವರಿಗೆ ಒಂದೆರಡು ವರ್ಷ ಮೊದಲೇ ಮುಟ್ಟು ನಿಲ್ಲುವುದುಂಟು. ಮೂತ್ರದ ಉರಿ, ಕೆಮ್ಮಿದರೆ ಮೂತ್ರ ಜಾರುವುದು, ಒಳಗಿನ ಒಣಗುವಿಕೆ ಇವಕ್ಕೆಲ್ಲ ಚಿಕಿತ್ಸೆಯಿದೆ, ವ್ಯಾಯಾಮವಿದೆ. ವಯಸ್ಸಾಯಿತು ಎಂದು ಸಹಿಸಿಕೊಂಡು ಕೂರಬೇಕಾಗಿಲ್ಲ.

ತೊಂದರೆ ವಿಪರೀತವಾದರೆ ಹಾರ್ಮೋನು ಚಿಕಿತ್ಸೆಯೂ ಇದೆ. 2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಬಂದಾಗ ಜಗತ್ತೆಲ್ಲ ಅದಕ್ಕೆ ಹೆದರಿತು. ಆಮೇಲೆ ಮತ್ತೆ ಕೂಲಂಕಷವಾಗಿ ನೋಡಿದಾಗ, 60ರೊಳಗಿನ ಅಥವಾ ಮುಟ್ಟು ನಿಂತು ಹತ್ತು ವರ್ಷದೊಳಗಿನ ಆರೋಗ್ಯವಂತ ಹೆಂಗಸರಲ್ಲಿ ಸಾಮಾನ್ಯವಾಗಿ ಅಪಾಯಕ್ಕಿಂತ ಪ್ರಯೋಜನ ಹೆಚ್ಚು ಎಂದು ತಿಳಿಯಿತು. ಸ್ತನ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರಿಗೆ ಅದು ಸಾಮಾನ್ಯವಾಗಿ ಕೊಡುವುದಿಲ್ಲ. ಹಾರ್ಮೋನು ಇಲ್ಲದ ಮಾತ್ರೆಗಳೂ ಇವೆ. ಯಾರಿಗೆ ಯಾವುದು ಎಂಬುದನ್ನು ಡಾಕ್ಟರೇ ನೋಡಿ ಹೇಳಬೇಕು. ಪಕ್ಕದ ಮನೆಯವರ ಚೀಟಿ ನಮಗಾಗುವುದಿಲ್ಲ.

ಇನ್ನೊಂದು ಮಾತು. ಮುಟ್ಟಿನ ತೊಂದರೆ ಎಂದ ಕೂಡಲೇ "ಗರ್ಭಕೋಶ ತೆಗೆಸಿಬಿಡಿ" ಎಂದು ಯಾರಾದರೂ ಅವಸರ ಮಾಡಿದರೆ, ಇನ್ನೊಬ್ಬ ಡಾಕ್ಟರನ್ನೂ ಕೇಳಿ. ಕೆಲವರಿಗೆ ಆ ಆಪರೇಷನ್ ನಿಜವಾಗಿ ಬೇಕಾಗುತ್ತದೆ. ಆದರೆ ಜೊತೆಗೆ ಅಂಡಾಶಯಗಳನ್ನೂ ತೆಗೆದರೆ ಎಷ್ಟು ಚಿಕ್ಕ ವಯಸ್ಸೇ ಇರಲಿ, ಋತುಬಂಧ ಒಂದೇ ದಿನದಲ್ಲಿ ಬಂದುಬಿಡುತ್ತದೆ.

ಮನಸ್ಸು ಎರಡು ವಾರಕ್ಕೂ ಮಿಕ್ಕಿ ಕುಗ್ಗಿಯೇ ಇದ್ದರೆ ಅದೂ ಕಾಯಿಲೆಯೇ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿಯಿದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಈಗ ಈ ವಾರದ ಕೆಲಸ. ಅಜ್ಜ ಅಜ್ಜಿ ಮೊಮ್ಮಕ್ಕಳು ಸೇರಿಯೇ ಮಾಡಬೇಕು. ಗೋಡೆಯ ಪಕ್ಕ ನಿಂತು ಒಂಟಿಕಾಲಿನಲ್ಲಿ ಯಾರು ಎಷ್ಟು ಎಣಿಸುತ್ತೀರಿ ನೋಡಿ. ಅಜ್ಜಿ ಅಜ್ಜಂದಿರು ಗೋಡೆಗೆ ಒಂದು ಬೆರಳು ತಾಗಿಸಿರಲಿ. ಆಮೇಲೆ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಿ. ದಿನಾ ಮಾಡಿದರೆ ಬೀಳುವುದು ಕಡಿಮೆಯಾಗುತ್ತದೆ. ನಮ್ಮ ಮನೆಯಲ್ಲಿ ಮೊದಲ ದಿನ ಮೊಮ್ಮಗ 84 ಎಣಿಸಿದ, ನಾನು 9!

ಎರಡನೆಯ ಕೆಲಸ ಅಜ್ಜಿಯರದು. ಒಂದು ಹಳೆಯ ನೋಟ್‌ಬುಕ್ ತೆಗೆದುಕೊಂಡು ಮೂರು ಸಾಲು ಬರೆಯಿರಿ. ನನಗೆ ಮುಟ್ಟು ನಿಂತ ವಯಸ್ಸು ಇಷ್ಟು. ನಮ್ಮ ಮನೆಯಲ್ಲಿ ಮೂಳೆ ಮುರಿದುಕೊಂಡವರು ಇವರು. ದೊಡ್ಡ ಕಾಯಿಲೆ ಬಂದವರು ಇವರು, ಆ ಕಾಯಿಲೆಯ ಸರಿಯಾದ ಹೆಸರು ಇದು. ಬರೆಯಲು ಬಾರದವರು ಹೇಳಿ, ಮೊಮ್ಮಕ್ಕಳು ಬರೆದುಕೊಳ್ಳಲಿ. ಒಡವೆಯ ಪೆಟ್ಟಿಗೆಯಲ್ಲಿ ಅದನ್ನೂ ಇಡಿ. ಮಗಳಿಗೆ, ಮೊಮ್ಮಗಳಿಗೆ ಬಳೆಗಿಂತ ಅದು ಉಪಯೋಗಕ್ಕೆ ಬರುತ್ತದೆ.

ನನ್ನ ಮೂರು ಸಾಲುಗಳನ್ನು ಮೊಮ್ಮಗಳೇ ಬರೆದುಕೊಂಡಳು. ಅಕ್ಕನ ಹೆಸರಿನ ಮುಂದೆ "ಹೊಟ್ಟೆಯಲ್ಲಿ ಗೆಡ್ಡೆ" ಎಂದು ಬರೆಯಹೊರಟವಳನ್ನು ತಡೆದು, ಸರಿಯಾದ ಹೆಸರನ್ನು ಹೇಳಿ ಬರೆಸಿದೆ. ಮಗಳು ಆ ಪುಟದ ಫೋಟೋ ತೆಗೆದುಕೊಂಡು ಡಾಕ್ಟರಮ್ಮನ ಹತ್ತಿರ ಮತ್ತೆ ಹೋಗಿಬಂದಳು.

ಫ್ಯಾನಿನ ಜಗಳವೂ ಮುಗಿಯಿತು. ಅಳಿಯ ಒಂದು ಸಣ್ಣ ಟೇಬಲ್ ಫ್ಯಾನ್ ತಂದು ಮಗಳ ತಲೆಯ ಕಡೆಗೆ ಇಟ್ಟಿದ್ದಾರೆ. ಮೊಮ್ಮಗ ತನ್ನ ದಿಂಬು ಎತ್ತಿಕೊಂಡು ವಾಪಸು ಹೋಗಿದ್ದಾನೆ. ಹೋಗುವ ಮುಂಚೆ ದೊಡ್ಡ ಫ್ಯಾನಿನ ಸ್ವಿಚ್ಚಿನ ಪಕ್ಕ ಒಂದು ಚೀಟಿ ಬರೆದು ಅಂಟಿಸಿದ್ದಾನೆ: "ಫ್ಯಾನು ಅಮ್ಮನದು. ರಗ್ಗು ನಮ್ಮದು. ಯಾರೂ ಜಗಳ ಆಡಬಾರದು."

ಮುಂದಿನ ವಾರ ಎಳ್ಳು ಬೆಲ್ಲದೊಂದಿಗೆ ಸಿಗೋಣ.

ನಿಮ್ಮ ಅಜ್ಜಿ